ಕರೆಂಟಿಗೆ ಬಂದ ದೇವರು

ಎತ್ತಿದ ಗುದ್ದಲಿ ಇನ್ನೂ ಗಾಳಿಯಲ್ಲಿದ್ದಾಗಲೇ ಹಿಂದಿನಿಂದ ಒಂದು ಕೈ ಬಂದು ಅದರ ಕಾವನ್ನು ಹಿಡಿದುಕೊಂಡಿತು. ಕೂಲಿಗೆ ಅಗೆಯುತ್ತಿದ್ದ ತಮ್ಮಯ್ಯ ತಿರುಗಿ ನೋಡಿದರೆ ಕುಲದ ಯಜಮಾನ ಚಿಕ್ಕಬೀರಪ್ಪ. ಹೆಗಲ ಮೇಲೆ ಮಡಿಸಿದ ಕರಿಕಂಬಳಿ, ದವಡೆಯಲ್ಲಿ ಎಲೆಯಡಿಕೆ.

“ಯಾರನ್ನ ಕೇಳಿ ಗುಣಿ ತೋಡ್ತಿದ್ದೀಯಲೇ?”

ತಮ್ಮಯ್ಯ ಗುದ್ದಲಿಯನ್ನು ಅವನ ಕೈಯಲ್ಲೇ ಬಿಟ್ಟು ಹಿಂದೆ ಸರಿದ. ಉತ್ತರ ಹೇಳಬೇಕಾದವಳು ಅಲ್ಲೇ ನಿಂತಿದ್ದಳು. ಹುಲಿಗೆಮ್ಮ. ಸತ್ತ ಬೀರಯ್ಯನ ಅಕ್ಕ. ಹೆಂಗಸರು ಮಣ್ಣಿಗೆ ಹೋಗುವ ರೂಢಿ ಹಟ್ಟಿಕೊಪ್ಪಲಿನಲ್ಲಿ ಇಲ್ಲ. ಆದರೆ ಅವ್ವನನ್ನು ಹೂತ ಜಾಗ ಯಾವುದೆಂದು ಅವಳ ಹೊರತು ಇನ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತೋರಿಸಲು ತಾನೇ ಬಂದಿದ್ದಳು.

“ನಾನ್ ಹೇಳಿದ್ದು ಕಣಣ್ಣಯ್ಯ. ಅವ್ವನ ಮಗ್ಗುಲಿಗೆ ಹಾಕಕ್ಕ ಅಂತ ಆಸ್ಪತ್ರೇಲಿ ಅವ್ನೇ ಅಂದ. ಅದೊಂದೇ ಮಾತು ಅವನು ಬಾಯ್ಬಿಟ್ಟು ಕೇಳಿದ್ದು.”

“ಕೇಳ್ದ, ಸರಿ. ಕುಲದಿಂದ ಆಚೆ ಇರೋನಿಗೆ ಕುಲದ ಮಣ್ಣು ಎಲ್ಲಿಂದ ಬತ್ತದೆ?”

“ಜೀವ ಇದ್ದಾಗ ಆಚೆ ಇಟ್ರಿ. ಹೆಣಕ್ಕೂನಾ?”

ಚಿಕ್ಕಬೀರಪ್ಪ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದ. ಅವನ ದನಿ ಇಳಿಯಿತು. ಇಳಿದ ಆ ದನಿಗೇ ಹುಲಿಗೆಮ್ಮ ಹೆಚ್ಚು ಹೆದರಿದಳು.

“ನಾನೇನು ಕಟುಕ ಅಲ್ಲ ಕಣವ್ವ. ನಿಮ್ಮಪ್ಪ ನಾನು ಒಂದೇ ಡೊಳ್ಳಿಗೆ ಕೈ ಹಾಕಿ ಬೆಳೆದೋರು. ಹೊತ್ತು ಇಳಿಯೋ ಅಷ್ಟೊತ್ಗೆ ಕಟ್ಟೆ ತಾವ ಬಾ. ಕುಲದೋರ ಮುಂದೆ ಒಂದೇ ಮಾತು ಹೇಳು. ಆವತ್ತು ಬಂದಿದ್ದು ದೇವರಲ್ಲ, ಕರೆಂಟು ಅಂತ. ಅಷ್ಟೇ. ನಾವೂ ಮರ್ತ್‌ಬಿಡ್ತೀವಿ. ನಿಮ್ಮ ಸೋದರಮಾವ ಅಜ್ಜಯ್ಯ ಗುಡಿ ಪೂಜಾರಿ, ಸಾವಿನ ತಾವ ಬರಂಗಿಲ್ಲ. ಅವನ ಬದ್ಲು ಮೊದಲ ಹಿಡಿ ಮಣ್ಣು ನಾನೇ ಹಾಕ್ತೀನಿ.”

ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡೇ ಅವನು ಊರ ಕಡೆ ನಡೆದ. ಅಗೆಯಲು ಶುರುಮಾಡಿದ್ದ ಗುಣಿ ಒಂದು ಗೇಣು ಬಾಯಿ ತೆರೆದು ಹಾಗೇ ಬಿದ್ದಿತ್ತು.

* * *

ಬೀರಯ್ಯನ ಹೆಣ ಜಗಲಿಯ ಮೇಲಿತ್ತು. ಕಾಮಾಲೆಗೆ ಮೈಯೆಲ್ಲ ಅರಿಸಿನ ತಿಕ್ಕಿದ ಹಾಗಿತ್ತು. ಊರಿನ ಜನ ಎದುರು ಸಾಲಿನ ನೆರಳಿನಲ್ಲಿ ನಿಂತು ನೋಡುತ್ತಿದ್ದರೇ ಹೊರತು ಬೀದಿ ದಾಟುತ್ತಿರಲಿಲ್ಲ. ದಾಟಿದವರಿಗೆ ನಾಳೆ ಬೆಂಕಿ ಕೊಡುವವರಿಲ್ಲ, ನೀರು ಕೊಡುವವರಿಲ್ಲ. ಹೆಣದ ಸುತ್ತ ಕೂತಿದ್ದವರೆಲ್ಲ ಪರಸ್ಥಳದವರು.

ಅವರಲ್ಲಿ ಎರಡು ಗುಂಪು. ಬೆಂಗಳೂರಿನಿಂದ ವ್ಯಾನಿನಲ್ಲಿ ಹೆಣ ತಂದ ಹುಡುಗರು ಒಂದು ಕಡೆ. ಬೆನ್ನಿನವರೆಗೆ ಕೂದಲು, ಕಪ್ಪು ಬನೀನು. ಅವರ ಮುಂದಾಳು ಶಿವಾಜಿನಗರದ ಪಾಂಡು. ಇನ್ನೊಂದು ಕಡೆ ಒಬ್ಬನೇ ಮುದುಕ. ರೈಲಿನಲ್ಲಿ ಬೀರೂರಿಗೆ ಬಂದು, ಅಲ್ಲಿಂದ ಅಜ್ಜಂಪುರದ ಬಸ್ಸು ಹಿಡಿದು, ಉಳಿದ ದಾರಿಯನ್ನು ಈರುಳ್ಳಿ ಹೊಲಗಳ ನಡುವೆ ನಡೆದು ಬಂದಿದ್ದ. ಆ ಬಿಸಿಲಿನಲ್ಲೂ ಕೋಟು. ತೊಡೆಯ ಮೇಲೆ ಉದ್ದನೆಯ ಪೆಟ್ಟಿಗೆ. ಮಂಗಳೂರಿನ ಕಡೆಯ ಡಿಮೆಲ್ಲೊ, ಬೆಂಗಳೂರಿನ ಹೋಟೆಲಿನಲ್ಲಿ ಸ್ಯಾಕ್ಸೊಫೋನ್ ಊದುವವನು.

ಎದುರು ನೆರಳಿನಿಂದ ಕಾಂತಮ್ಮನ ಪಿಸುಮಾತು ಬೀದಿಗೆಲ್ಲ ಕೇಳುತ್ತಿತ್ತು.

“ಬನೀನ್ ಮೇಲೆ ತಲೆಬುರುಡೆ ಬರಸ್ಕಂಡವ್ರೆ ನೋಡೇ. ಸಾವಿನ ಮನೆಗೆ ಅಂತಾನೇ ಹೊಲಿಸ್ಕಂಡ್ ಬಂದ್ರೇನೋ.”

“ಕೂದ್ಲು ನೋಡು, ನಮ್ಮ ಗೊರವಯ್ಯನೇ ವಾಸಿ.”

ಹುಲಿಗೆಮ್ಮ ತಮ್ಮನ ತಲೆಯ ಬಳಿ ಕೂತಳು. ಎರಡು ಗುಂಪುಗಳೂ ಒಂದನ್ನೊಂದು ದುರುಗುಟ್ಟಿಕೊಂಡು ಕೂತಿರುವುದು ಅವಳಿಗೂ ಕಂಡಿತ್ತು.

“ಇವನ ಕಿವಿ ಹಾಳು ಮಾಡಿದ್ದೇ ನೀವು ಮಾರಾಯ,” ಎಂದ ಡಿಮೆಲ್ಲೊ. “ಗಿಟಾರಿಗೆ ಅಷ್ಟು ಚಂದದ ಕೈ. ಭಾನುವಾರ ನಿಮ್ಮ ಜೊತೆ ಆ ಬೊಬ್ಬೆ ಹಾಕಿ ಬಂದರೆ ಸೋಮವಾರ ನಾನು ಹೇಳಿದ್ದು ಅವನಿಗೆ ಕೇಳುತ್ತಿರಲಿಲ್ಲ.”

“ಕೇಳಿಸ್ತಿತ್ತು ಸಾರ್, ಬೇಕಂತಲೇ ಕೇಳಿಸ್ಕೊಳ್ತಿರ್ಲಿಲ್ಲ,” ಎಂದ ಪಾಂಡು. “ನಿಮ್ ಹೋಟ್ಲಲ್ಲಿ ಕೋಟು ಹಾಕ್ಸಿ, ಊಟ ಮಾಡೋರಿಗೆ ತಾಳ ಹಾಕ್ಸಿದ್ರಿ. ನಮ್ ಜೊತೆ ಇದ್ದಾಗ ಗುರು ಹೆಂಗಿರ್ತಿದ್ದ ಗೊತ್ತಾ? ಸ್ಟೇಜ್ ಮೇಲೆ ಹತ್ತಿದ್ರೆ ನಮ್ಗೇ ಭಯ ಆಗೋದು.”

“ಭಯ ನನಗೂ ಆಗ್ತಿತ್ತು,” ಎಂದ ಮುದುಕ. ದನಿ ಬದಲಾಗಿತ್ತು. “ಜೋರಾಗಿ ಬಾರಿಸಿದಾಗ ಅಲ್ಲ. ಬಾರಿಸುವುದನ್ನು ನಿಲ್ಲಿಸಿದಾಗ.”

ಅವನು ಹುಲಿಗೆಮ್ಮನ ಕಡೆ ತಿರುಗಿದ.

“ಒಂದು ದಿನ ನಮ್ಮ ಹೋಟೆಲಿನ ಅಡಿಗೆಮನೆ ಬಾಗಿಲಲ್ಲಿ ಒಬ್ಬರು ಹೆಂಗಸು ನಿಂತಿದ್ದರು. ಸೆರಗು ಬಾಯಿಗೆ ಇಟ್ಟುಕೊಂಡು. ಅದು ನೀವಾ?”

“ಊಂ,” ಎಂದಳು ಹುಲಿಗೆಮ್ಮ.

* * *

ಬೀರೂರಿನ ಲೋಕೋ ಶೆಡ್ಡಿನಲ್ಲಿ ಕಲ್ಲಿದ್ದಲು ಹೊರುವ ಕೂಲಿಗೆ ಸೇರಿದಾಗ ಬೀರಯ್ಯನಿಗೆ ಮೀಸೆಯೂ ಚಿಗುರಿರಲಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರು ಸಂಜೆಯ ಹೊತ್ತು ಮೆಟ್ಟಿಲ ಮೇಲೆ ಕೂತು ಗಿಟಾರು ನುಡಿಸುತ್ತಿದ್ದ. ಮೈಯೆಲ್ಲ ಮಸಿಯಾದ ಈ ಹುಡುಗ ಬೇಲಿಯಾಚೆ ನಿಂತು ಕೇಳುತ್ತಿದ್ದ. ಒಂದು ದಿನ ಡ್ರೈವರು ಅವನನ್ನು ಒಳಗೆ ಕರೆದ. ಮುಂದೆ ಆಸ್ಟ್ರೇಲಿಯಾಕ್ಕೆ ಹೊರಟು ನಿಂತಾಗ ಗಿಟಾರನ್ನೇ ಕೊಟ್ಟು ಹೋದ.

“ಮನೇಲಿ ಡೊಳ್ಳು ಇಟ್ಕಂಡು ಈ ಸೋರೆಬುರುಡೆ ಯಾಕೆ ತಂದ್ಯೋ?” ಎಂದು ಹುಲಿಗೆಮ್ಮ ನಕ್ಕಿದ್ದಳು. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಅವ್ವ ಹೋದ ಮೇಲೆ ತಮ್ಮನನ್ನು ಸಾಕಿದವಳು ಅವಳು.

“ಡೊಳ್ಳು ಕೂಗ್ತದೆ ಕಣಕ್ಕ. ಇದು ಕೂಗ್ತದೆ, ಮಾತೂ ಆಡ್ತದೆ.”

ಬೆಂಗಳೂರಿಗೆ ಹೋದ. ಏನು ಮಾಡುತ್ತಾನೆಂದು ಊರಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ವರ್ಷಗಳಾದ ಮೇಲೆ ಒಮ್ಮೆ ಅವನೇ ಬಂದು ಅಕ್ಕನನ್ನು ಕರೆದುಕೊಂಡು ಹೋದ.

ಮೊದಲ ದಿನ ಒಂದು ಕಾಲೇಜಿನ ಬಯಲು. ಮನೆಯೆತ್ತರಕ್ಕೆ ಪೇರಿಸಿದ ಕಪ್ಪು ಪೆಟ್ಟಿಗೆಗಳು. ತಮ್ಮ ತಂತಿಯ ಮೇಲೆ ಕೈ ಎಳೆದ. ಸದ್ದು ಕಿವಿಗೆ ಬರಲಿಲ್ಲ, ನೇರವಾಗಿ ಎದೆಗೆ ಬಂದು ಬಡಿಯಿತು. ಹುಲಿಗೆಮ್ಮ ಕಿವಿ ಮುಚ್ಚಿಕೊಂಡು ಕುಕ್ಕರಿಸಿದಳು. ಗುಡುಗು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಇದು ಹೋಗಲಿಲ್ಲ, ನಿಂತೇ ಇತ್ತು. ಹಾಗೆ ಕೂತವಳಿಗೆ ಮೆಲ್ಲನೆ ಒಂದು ಗುರುತು ಹತ್ತಿತು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತಿದ್ದಾಗ, ಸುತ್ತ ಡೊಳ್ಳುಗಳು ಒಟ್ಟಿಗೆ ಎದ್ದ ಗಳಿಗೆ ಹೀಗೇ ಅಪ್ಪನ ನೆತ್ತಿ ಅವಳ ಹೊಟ್ಟೆಗೆ ಅದುರಿತ್ತು. ಅವಳು ಕಿವಿಯಿಂದ ಕೈ ತೆಗೆದಳು. ಎದ್ದು ನಿಂತಳು. ಅಷ್ಟು ಜನರ ನಡುವೆ, ತಲೆ ಕೊಡವಿ ಕುಣಿಯುವ ಆ ಸಾವಿರ ಪಡ್ಡೆಗಳ ನಡುವೆ, ಆ ಸದ್ದಿನ ಹೆತ್ತತಾಯಿ ಯಾರೆಂದು ಗೊತ್ತಿದ್ದವಳು ಅವಳೊಬ್ಬಳೇ.

“ಏನಂತಾರಪ್ಪ ಇದ್ಕೆ?”

“ಹೆವಿ ಮೆಟಲ್ ಅಂತಾರೆ. ತೂಕದ ಲೋಹ ಅಂತ.”

“ಕಬ್ಬಿಣ ಅನ್ನು ಮತ್ತೆ.”

ಮರುದಿನ ಸಂಜೆ ಹೋಟೆಲು. ಕೋಟು ತೊಟ್ಟ ತಮ್ಮ ಅವಳನ್ನು ಅಡಿಗೆಮನೆಯ ಬಾಗಿಲಿನಲ್ಲಿ ನಿಲ್ಲಿಸಿ ಹೋದ. ಒಳಗೆ ಮಂದ ದೀಪ, ಚಮಚಗಳ ಸದ್ದು. ಈ ಸಲ ಅವನು, ಮಲಗಿದ ಕೂಸಿನ ಮೈಮೇಲಿನ ನೊಣ ಓಡಿಸುವವರ ಕೈ ಆಡುವಷ್ಟು ಮೆತ್ತಗೆ ನುಡಿಸಿದ. ಮುದುಕನೊಬ್ಬ ಊದುತ್ತ ಒಂದು ಮಾತು ಎತ್ತಿದರೆ ಇವನು ಅದನ್ನು ಅರ್ಧಕ್ಕೆ ಕಿತ್ತುಕೊಂಡು ಇನ್ನೊಂದೇ ದಾರಿಗೆ ಹೊರಡುತ್ತಿದ್ದ. ಸಪ್ಲೈಯರೊಬ್ಬ ತಟ್ಟೆ ಹೊತ್ತುಕೊಂಡು ಅವಳ ಪಕ್ಕದಲ್ಲೇ ನಿಂತುಬಿಟ್ಟ. ತಟ್ಟೆಯ ಮೇಲಿನ ಸಾರು ಆರಿ ಕೆನೆಗಟ್ಟಿತು.

“ಇದಕ್ಕೆ ಬರೆದಿಟ್ಟಿದ್ದು ಅಂತ ಇರಾಕಿಲ್ಲ ಕಣಕ್ಕ,” ಎಂದು ಆಮೇಲೆ ಹೇಳಿದ. “ಸೋಬಾನೆ ಹೇಳೋರು ಪದ ಮರ್ತಾಗ ಅಲ್ಲೇ ಕಟ್ಟಿ ಹೇಳಲ್ವಾ, ಅಂಗೆ. ಜಾಜ್ ಅಂತಾರೆ.”

“ನಿನ್ನೆ ಅಂಗೆ, ಇವತ್ತು ಇಂಗೆ. ನಿಂಗೆ ಯಾವ್ದೋ ಬೇಕಾಗಿರಾದು?”

ಅವನು ನಡೆಯುತ್ತಲೇ ಹೇಳಿದ. “ಎರಡಲ್ಲಕ್ಕ ಅದು. ನಿನ್ನೆ ಡೊಳ್ಳು ಹೊಡೆದೆ. ಇವತ್ತು, ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಇರ್ತದಲ್ಲ, ಆ ಜಾಗದಾಗೆ ಓಡಾಡ್ದೆ.”

ಹುಲಿಗೆಮ್ಮ ತಮ್ಮನನ್ನು ತಿರುಗಿ ನೋಡಿದಳು. ತಾನು ಎತ್ತಿ ಆಡಿಸಿದ ಕೂಸು ಇದಲ್ಲ, ಯಾರೋ ದೊಡ್ಡವರು ತನ್ನ ಪಕ್ಕದಲ್ಲಿ ನಡೆಯುತ್ತಿದ್ದಾರೆ ಎನಿಸಿ ಒಂದು ಹೆಜ್ಜೆ ಹಿಂದೆ ಬಿದ್ದಳು.

* * *

ಆ ವರ್ಷವೇ ಬೀರದೇವರ ಪರಿಷೆಗೆ ಬಂದವನು ತನ್ನ ಕರೆಂಟಿನ ಗಿಟಾರನ್ನೂ ತಂದಿದ್ದ.

ದೇವರು ಪೂಜಾರಿಯ ಮೈಮೇಲೆ ಬಂದು ವರ್ಷದ ಹೇಳಿಕೆ ಕೊಡಬೇಕಾದ ಮಧ್ಯಾಹ್ನ. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದು ಡೊಳ್ಳುಗಳ ಚರ್ಮವೆಲ್ಲ ತೊಯ್ದು ಜೋಲುಬಿದ್ದಿತ್ತು. ಬೆಂಕಿಗೆ ಹಿಡಿದರು, ಉಜ್ಜಿದರು. ಹೊಡೆದರೆ ಒದ್ದೆ ಗೋಣಿಚೀಲಕ್ಕೆ ಬಡಿದ ಸದ್ದು. ಅಜ್ಜಯ್ಯ ಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತೇ ಇದ್ದ. ದೇವರು ಬರಲಿಲ್ಲ. ಹೇಳಿಕೆ ಇಲ್ಲದೆ ಬಿತ್ತನೆಗೆ ಹೊರಡುವವರು ಯಾರು? ಹಿರಿಯರ ಮುಖಗಳು ಕಪ್ಪಿಟ್ಟವು.

ಆಗ ಬೀರಯ್ಯ ಮೈಕ್‌ಸೆಟ್ಟಿನ ಓಂಕಾರಮೂರ್ತಿಯ ಬಳಿ ಹೋದ.

“ಇದನ್ನ ನಿನ್ ಆಂಪ್ಲಿಫೈಯರ್‌ಗೆ ಹಾಕು.”

“ಹುಚ್ಚೇನೋ ನಿಂಗೆ? ಹಾರ್ನ್ ಹರಿದೋಯ್ತದೆ ಕಣೋ!”

“ಹರಿದ್ರೆ ಹರೀಲಿ. ದೇವರು ಕಾಯ್ತಾವ್ನೆ.”

ದಪ್ಪ ತಂತಿಯ ಮೇಲೆ ದೇವರನ್ನು ಕರೆಯುವ ಗತ್ತನ್ನು, ಡೊಳ್ಳಿನ ಆ ಏಟುಗಳ ವರಸೆಯನ್ನು, ಅವನು ಎತ್ತಿಕೊಂಡ. ಮರಕ್ಕೆ ಕಟ್ಟಿದ ಹಾರ್ನು ಒಡಕು ದನಿಯಲ್ಲಿ ಅರಚಿತು. ಊರಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ನಗಲೆಂದು ಬಾಯಿ ತೆರೆದವರು ತೆರೆದೇ ನಿಂತರು. ಯಾಕೆಂದರೆ ಅಜ್ಜಯ್ಯನ ಮೊಣಕಾಲು ಅದುರತೊಡಗಿತ್ತು. ಅದುರು ಬೆನ್ನಿಗೇರಿತು, ಹೆಗಲಿಗೇರಿತು. ಅವನು ಕಣ್ಣು ತೆರೆದ. ಆ ಕಣ್ಣು ಅಜ್ಜಯ್ಯನದಾಗಿರಲಿಲ್ಲ.

ಹಿರಿಯರು ಕೈಮುಗಿದು ಮಳೆ ಕೇಳಿದರು, ಬೆಳೆ ಕೇಳಿದರು. ಪೂಜಾರಿಯ ಕೈ ಎದ್ದು, ದೂರದಲ್ಲಿ, ಹುಣಸೆಮರದಾಚೆ, ಪ್ರತಿವರ್ಷ ನಿಲ್ಲುವ ಜಾಗದಲ್ಲಿಯೇ ನಿಂತಿದ್ದ ಕೇರಿಯ ಜನರನ್ನು ತೋರಿಸಿತು.

“ಅವ್ರು ಒಳಕ್ಕೆ ಬರೋಗಂಟ ನಾ ಒಳಗೆ ಕುಂದ್ರಾಕಿಲ್ಲ!”

ಒಂದು ಸಲವಲ್ಲ, ಮತ್ತೆ ಮತ್ತೆ ಕೂಗಿತು. ಆಮೇಲೆ ಅಜ್ಜಯ್ಯ ಕುಸಿದು ಬಿದ್ದ.

ಕೇರಿಯ ಕೆಂಚಪ್ಪ ಎರಡು ಹೆಜ್ಜೆ ಮುಂದಿಟ್ಟ. ಮೂರನೆಯದನ್ನು ಇಡಲು ಬಿಡಲಿಲ್ಲ. ದೇವರ ಮಾತನ್ನು ನಂಬಿದ ತಪ್ಪಿಗೆ ಅವನ ಹಣೆ ಒಡೆಯಿತು. ಆ ವರ್ಷ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ತಲೆತಲಾಂತರದಿಂದ ದೇವರು ಏನು ಹೇಳಿದರೂ ತಲೆಬಾಗಿದ ಊರು, ಒಂದೇ ಒಂದು ಮಾತಿಗೆ ದೇವರನ್ನೇ ಸುಳ್ಳು ಮಾಡಿತು. ಚರ್ಮದ ಡೊಳ್ಳಿಗಲ್ಲದೆ ಬೀರದೇವರು ಬಾರ. ಬಂದದ್ದು ಕರೆಂಟು. ಅದನ್ನು ತಂದವನು ಕುಲದಿಂದ ಆಚೆಗೆ. ಹೀಗೆಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಆ ತೀರ್ಮಾನ ಆಗುವ ಹೊತ್ತಿಗೆ ಡೊಳ್ಳುಗಳು ಒಣಗಿ, ಮತ್ತೆ ಬಿಗಿಯಾಗಿದ್ದವು.

* * *

ಹೊತ್ತು ಇಳಿಯತೊಡಗಿತು. ಹುಲಿಗೆಮ್ಮ ಗುಡಿಯ ಹಿಂದಿನ ಓಣಿಗೆ ಹೋದಳು. ಅಜ್ಜಯ್ಯ ತನ್ನ ಮನೆಯ ಮುಂದೆ ಕೂತಿದ್ದ. ಸಾವಿನ ಮನೆಯಿಂದ ಬಂದವಳು, ದೂರದಲ್ಲೇ ನಿಂತಳು.

“ಮಾವ, ಚಿಕ್ಕಬೀರಪ್ಪಣ್ಣ ಏನಂದ ಗೊತ್ತಾ?”

“ಗೊತ್ತಾಯ್ತು.”

“ನೀ ಹೇಳು. ಆವತ್ತು ಬಂದಿದ್ದು ಯಾರು?”

ಮುದುಕ ಅಂಗೈ ನೋಡಿಕೊಂಡ. “ನಂಗೇನ್ ಗೊತ್ತವ್ವ. ಮೈದುಂಬಿದೋನ್ಗೆ ಏನ್ ನೆನಪಿರ್ತದೆ? ಎಚ್ಚರ ಆದಾಗ ನಾಲಿಗೆ ಒಣಗಿತ್ತು. ಎಲ್ರೂ ನನ್ ಮಕನೇ ನೋಡ್ತಿದ್ರು. ಏನಂದೆ ಅಂತ ನಾನು ಊರೋರ ಬಾಯಿಂದ್ಲೇ ಕೇಳಿದ್ದು. ಕರೆಂಟು ಅಂದ್ರು. ಇರಬೌದು ಅಂದ್ಕಂಡೆ. ಇಲ್ಲದೇನೂ ಇರಬೌದು ಅಂತ್ಲೂ ಅಂದ್ಕಂಡೆ.”

“ಅವನ್ಗೆ ಸೋದರಮಾವ ಅಂತ ಇರೋನು ನೀನೊಬ್ನೇ. ಮೊದಲ ಹಿಡಿ ಮಣ್ಣು ನಿಂದು.”

“ಬಂದ್ರೆ ಪೂಜೆ ಬಿಡ್ಬೇಕಾಯ್ತದೆ ಕಣವ್ವ. ನಮ್ಮ ವಂಶದಾಗೆ ಯಾರೂ ಬಿಟ್ಟಿಲ್ಲ.”

ಹುಲಿಗೆಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವಳ ಸಂಕಟ ಬೇರೆ. ಒಂದು ಮಾತು ಅಂದರೆ ಸಾಕು, ತಮ್ಮ ಅವ್ವನ ಮಗ್ಗುಲಿಗೆ ಸೇರುತ್ತಾನೆ. ಅನ್ನದಿದ್ದರೆ ಅವನು ಕೇಳಿದ ಒಂದೇ ಒಂದು ಆಸೆ ಮಣ್ಣುಪಾಲು. ಮನೆಗೆ ಬಂದು ಹೆಣದ ಎಡಗೈಯನ್ನು ಮಡಿಲಿಗೆ ತೆಗೆದುಕೊಂಡಳು. ಬೆರಳ ತುದಿಗಳು ಕೊರಡಿನಂತೆ ಗಟ್ಟಿಯಾಗಿದ್ದವು.

“ಸಾಯ್ಬ್ರೇ,” ಎಂದಳು ಡಿಮೆಲ್ಲೊಗೆ, “ಇವನು ನುಡಿಸೋವಾಗ ದೇವರು ಬಂದಂಗೆ ಆಗ್ತಿತ್ತಾ ನಿಮ್ಗೆ?”

ಮುದುಕ ಗಡ್ಡ ತುರಿಸಿಕೊಂಡ. “ದೇವರ ಸಂಗತಿ ನನಗೆ ಗೊತ್ತಿಲ್ಲ ಮಾರಾಯ್ತಿ. ನಾನು ಚರ್ಚಿಗೆ ಹೋಗಿ ವರ್ಷಗಳಾಯ್ತು. ಒಂದು ಮಾತ್ರ ಹೇಳ್ತೇನೆ. ಇವನು ಒಂದು ಸುಳ್ಳು ಸ್ವರ ಬಾರಿಸಿದ್ದು ನಾನು ಕೇಳಿಲ್ಲ. ಜನ ಚಪ್ಪಾಳೆ ಹೊಡೀತಾರೆ ಅಂತ ಗೊತ್ತಿದ್ದೂ ಬಾರಿಸ್ತಿರಲಿಲ್ಲ. ಅದಕ್ಕೇ ಎರಡು ಹೋಟೆಲಿನ ಕೆಲಸ ಹೋಯ್ತು ಅವನದ್ದು.”

“ನಮ್ ಹತ್ರಾನೂ ಅಷ್ಟೇ,” ಎಂದ ಪಾಂಡು. ಮೊದಲ ಸಲ ಮುದುಕನ ಮುಖ ನೋಡಿ ಮಾತಾಡಿದ್ದ. “ಒಂದ್ಸಲ ನಾವು ಸುಮ್ನೆ ಶೋಗೆ ಅಂತ ನುಡಿಸಿದ್ವಿ. ಗುರು ಪ್ಲಗ್ ಕಿತ್ತಾಕಿ ಇಳಿದು ಹೋಗ್ಬಿಟ್ಟ.”

ಹುಲಿಗೆಮ್ಮ ಆ ಕೈಯನ್ನು ಮೆಲ್ಲನೆ ಕೆಳಗಿಟ್ಟು ಎದ್ದಳು.

* * *

ಕಟ್ಟೆಯ ಮೇಲೆ ಕುಲದ ಹಿರಿಯರು ಕಂಬಳಿ ಹಾಸಿ ಕೂತಿದ್ದರು. ಬೇಸಾಯದವರು, ಕುರಿ ಕಾಯುವವರು, ಹೆಂಗಸರು ಸುತ್ತ ನೆರೆದಿದ್ದರು. ತೀರ್ಮಾನ ಕೇಳಲು ಕೇರಿಯಿಂದಲೂ ಒಂದಿಷ್ಟು ಜನ ಬಂದು ಹುಣಸೆಮರದಾಚೆ ನಿಂತಿದ್ದರು.

“ಹೇಳವ್ವ,” ಎಂದ ಚಿಕ್ಕಬೀರಪ್ಪ. “ಹುಡುಗ್ರನ್ನ ಗುಣಿ ತೋಡಾಕೆ ಕಳಿಸ್ಬೇಕು. ಹೊತ್ತಾಯ್ತದೆ.”

“ಆವತ್ತು ಬಂದಿದ್ದು…” ಎಂದು ಶುರುಮಾಡಿದಳು ಹುಲಿಗೆಮ್ಮ.

ನಿಂತಳು. ಕಟ್ಟೆಯ ಪಕ್ಕದ ಕಂಬದಿಂದ ಚಿಕ್ಕಬೀರಪ್ಪನ ಮನೆಗೆ ತಂತಿ ಹೋಗಿತ್ತು. ಅದನ್ನೇ ನೋಡಿದಳು.

“ಅಣ್ಣಯ್ಯ, ನಿಮ್ಮನೇಲೂ ಕರೆಂಟೈತೆ ಅಲ್ವಾ?”

“ಐತೆ. ಅದ್ಯಾಕೀಗ?”

“ಹಿಟ್ಟಿನ ಗಿರಣೀಲೈತೆ. ನಿಮ್ಮ ಪಂಪ್‌ಸೆಟ್ಟಲ್ಲೈತೆ. ದಿನಾ ಓಡ್ತದೆ. ಯಾವತ್ತಾದ್ರೂ ಒಂದಿನ, ಕೇರಿಯೋರನ್ನ ಒಳಕ್ಕೆ ಕರೀರಿ ಅಂತ ಅಂದೈತಾ?”

ಹುಲಿಗೆಮ್ಮ ಕಂಬದ ಕಡೆ ಕೈ ತೋರಿಸಿದಳು.

“ಅಂಗೇನಾದ್ರೂ ಕರೆಂಟೇ ಅಂದಿದ್ರೆ, ನಾನು ನಾಳೆಯಿಂದ ಆ ಕಂಬಕ್ಕೇ ಅರಿಸಿನ ಕುಂಕುಮ ಇಡ್ತೀನಿ. ನನ್ ತಮ್ಮ ಸುಳ್ಳು ನುಡಿಸ್ದೋನಲ್ಲ. ಅವನ ಹೆಣದ ಮುಂದೆ ನಾನು ಸುಳ್ಳು ಹೇಳಾಕಿಲ್ಲ. ಅವ್ವ ಕೇಳಿದ್ರೆ, ನಾನೇ ಹೋಗಿ ಹೇಳ್ಕತೀನಿ.”

“ಅಂಗಾದ್ರೆ ಹೊತ್ಕಂಡು ಎಲ್ಲಿಗೆ ಹೋಗ್ತೀಯಮ್ಮ?” ಚಿಕ್ಕಬೀರಪ್ಪನ ದನಿ ಈಗ ಏರಿತ್ತು. “ರೈಲ್ವೆ ಹಳಿ ಪಕ್ಕಕ್ಕಾ?”

“ನಮ್ ಕಡೆ ಜಾಗ ಐತೆ.”

ಹುಣಸೆಮರದಾಚೆಯಿಂದ ಬಂದ ಮಾತು. ಎಲ್ಲರೂ ತಿರುಗಿದರು. ಕೆಂಚಪ್ಪ. ಹಣೆಯ ಮೇಲಿನ ಹಳೆಯ ಗಾಯ ಬಿಳಿಚಿಕೊಂಡಿತ್ತು.

“ಕಲ್ಲು ಜಾಸ್ತಿ ಕಣಕ್ಕ, ಅಷ್ಟೇ. ಒಳ್ಳೆ ಮಣ್ಣೆಲ್ಲಾ ಇವ್ರು ಇಟ್ಕಂಡವ್ರೆ. ಇನ್ನೊಂದ್ ಮಾತು ಈಗ್ಲೇ ಹೇಳ್ಬಿಡ್ತೀ‌ನಿ. ನಮ್ ಮಣ್ಣಿಗೆ ಬಂದ್ಮೇಲೆ ಅವ್ನು ನಮ್ಮೋನು. ನಾಳೆ ನಿಮ್ಮೋರಿಗೆ ಬುದ್ಧಿ ಬಂದು, ಕಿತ್ಕಂಡ್ ಹೋಗ್ತೀವಿ, ಗದ್ದುಗೆ ಕಟ್ತೀವಿ ಅಂದ್ರೆ ಕೊಡಾಕಿಲ್ಲ.”

“ಬುದ್ಧಿ ಬರೋ ಭಯ ನಿಂಗ್ ಬ್ಯಾಡ ಬಿಡಪ್ಪ,” ಎಂದಳು ಹುಲಿಗೆಮ್ಮ.

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕಾಂತಮ್ಮನೇ ಇರಬೇಕು.

* * *

ಹೆಣವನ್ನು ಒಂದು ಬದಿಗೆ ಉದ್ದಗೂದಲಿನ ಹುಡುಗರು, ಇನ್ನೊಂದು ಬದಿಗೆ ಕೇರಿಯವರು ಹೊತ್ತರು. ಕುಲದ ಮಸಣದ ಮುಂದೆ ಹಾದುಹೋಗುವಾಗ ಹುಲಿಗೆಮ್ಮ ಒಂದು ಸಲ ತಲೆ ತಿರುಗಿಸಿ ನೋಡಿದಳು. ಆಮೇಲೆ ನೋಡಲಿಲ್ಲ. ಊರಿಗೂ ಕೇರಿಗೂ ನಡುವೆ ಒಂದು ಸಣ್ಣ ಹಳ್ಳ. ಹಳ್ಳ ದಾಟಿದರೆ ಕೇರಿಯ ಮಸಣ. ಊರಿನವರು ಹಿಂದೆ ಹಿಂದೆ ಬಂದು ಹಳ್ಳದ ಊರ ಕಡೆಯ ದಡದಲ್ಲೇ ಸಾಲಾಗಿ ನಿಂತರು. ಚಿಕ್ಕಬೀರಪ್ಪನೂ ನಿಂತ. ಅವರೆಲ್ಲರಿಗಿಂತ ಹಿಂದೆ, ಒಂಟಿಯಾಗಿ, ಅಜ್ಜಯ್ಯ.

ಗುಣಿಯೊಳಗೆ ಹೆಣ ಇಳಿಸಿದ ಮೇಲೆ ಪಾಂಡು ಚೀಲದಿಂದ ಬೀರಯ್ಯನ ಗಿಟಾರು ತೆಗೆದ.

“ಇಲ್ಲಿ ಕರೆಂಟಿಲ್ವಲ್ಲಣ್ಣ,” ಎಂದ ಕೆಂಚಪ್ಪ.

“ಇಲ್ದೇನೇ ನುಡಿಸ್ತೀನಿ.”

ಬಯಲನ್ನೇ ಅದುರಿಸುತ್ತಿದ್ದ ವಾದ್ಯ, ಕರೆಂಟಿಲ್ಲದೆ ಸೊಳ್ಳೆಯಷ್ಟೇ ದನಿ ಮಾಡಿತು. ಕೇಳಿಸಿಕೊಳ್ಳಬೇಕೆಂದರೆ ಉಸಿರು ಬಿಗಿಹಿಡಿಯಬೇಕು. ಜನ ಬಿಗಿಹಿಡಿದರು. ಅಳುತ್ತಿದ್ದ ಕೂಸಿನ ಬಾಯಿಗೆ ತಾಯಿ ಮೊಲೆಯಿಟ್ಟಳು. ಹಳ್ಳದಾಚೆಯವರೂ ಕತ್ತು ಮುಂದೆ ಚಾಚಿದರು. ಹುಲಿಗೆಮ್ಮ ಗುರುತು ಹಿಡಿದಳು. ದೇವರನ್ನು ಕರೆಯುವ ಗತ್ತು ಅದು. ಪಾಂಡುವಿಗೆ ಅದು ಗುರು ಹೇಳಿಕೊಟ್ಟ ಒಂದು ಪಾಠ, ಅಷ್ಟೇ. ಡಿಮೆಲ್ಲೊ ಪೆಟ್ಟಿಗೆ ಬಿಚ್ಚಿ, ಸ್ಯಾಕ್ಸೊಫೋನನ್ನು ತುಟಿಗಿಟ್ಟು, ಅದೇ ಗತ್ತಿನ ಏಟು ಏಟಿನ ನಡುವೆ ಒಂದು ಉದ್ದನೆಯ ಸ್ವರ ಹಾಯಿಸಿದ. ಜಗಲಿಯ ಮೇಲೆ ಜಗಳವಾಡಿದ ಇಬ್ಬರೂ ಒಬ್ಬನಿಂದಲೇ ಕಲಿತಿದ್ದರು. ಕಪ್ಪು ಬನೀನಿನ ಹುಡುಗರು ತೊಡೆ ತಟ್ಟತೊಡಗಿದರು. ಸತ್ತವನು ಮಲಗಿದ್ದ. ಅವನು ಕಂಡುಹಿಡಿದ ಆ ಜಾಗ ಮಾತ್ರ, ಸದ್ದಿಗೂ ಸದ್ದಿಗೂ ನಡುವಿನದು, ಬಾಯಿ ತೆರೆದು ಎಲ್ಲರನ್ನೂ ಒಳಗೆ ಎಳೆದುಕೊಳ್ಳುತ್ತಿತ್ತು.

ಎಲ್ಲರ ಕಣ್ಣೂ ಅಜ್ಜಯ್ಯನ ಮೇಲೆ. ಈಗ ಮೊಣಕಾಲು ಅದುರುತ್ತದೆ. ಈಗ. ಚಿಕ್ಕಬೀರಪ್ಪ ಹೆಗಲ ಕಂಬಳಿಯನ್ನು ಎದೆಗೆ ಎಳೆದುಕೊಂಡ. ದೇವರೇನಾದರೂ ಬಂದರೆ, ಕೇರಿಯ ಮಸಣದ ಮುಂದೆ ಎಲ್ಲರೂ ಅಡ್ಡಬೀಳಬೇಕು.

ಅಜ್ಜಯ್ಯ ಕಣ್ಣು ಮುಚ್ಚಿದ. ಕಾದ. ಅವನ ಮೈಯಲ್ಲಿ ಒಂದು ಕೂದಲೂ ಅಲುಗಲಿಲ್ಲ. ಗತ್ತು ಮುಗಿಯಿತು. ಕೊನೆಯ ಸ್ವರ ಹಳ್ಳದ ಮೇಲೆ ಹಾದು ಈರುಳ್ಳಿ ಹೊಲಗಳ ಕಡೆ ಹೋಯಿತು.

ದೇವರು ಬರಲಿಲ್ಲ.

ಅಜ್ಜಯ್ಯ ಬಂದ.

ಜನರ ಸಾಲನ್ನು ಸರಿಸಿಕೊಂಡು ಮುದುಕ ಮುಂದೆ ನಡೆದ. ಪಂಚೆ ಎತ್ತಿಕೊಂಡು ಹಳ್ಳಕ್ಕಿಳಿದ. ಕಾಲು ಜಾರಿತು. ಯಾರೂ ಹಿಡಿಯಲಿಲ್ಲ, ತಾನೇ ಸಾವರಿಸಿಕೊಂಡ. “ಅಜ್ಜಯ್ಯಾ! ದಾಟಿದ್ರೆ ಗುಡಿ ಬಾಗ್ಲು ನಿಂಗಿಲ್ಲ ಕಣೋ!” ಎಂದು ಚಿಕ್ಕಬೀರಪ್ಪ ಕೂಗಿದ್ದು ಎಲ್ಲರಿಗೂ ಕೇಳಿತು. ಈಚೆ ದಡ ಹತ್ತಿ ಬಂದವನ ಕಣ್ಣನ್ನು ಹುಲಿಗೆಮ್ಮ ದಿಟ್ಟಿಸಿ ನೋಡಿದಳು. ಅದು ಅಜ್ಜಯ್ಯನ ಕಣ್ಣೇ. ಪೂರಾ ಎಚ್ಚರವಿದ್ದ, ಭಯವೂ ಇದ್ದ, ವಯಸ್ಸಾದ ಕಣ್ಣು.

ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಅದರಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಎಸೆದ. ಉಳಿದದ್ದನ್ನು ಸೋದರಳಿಯನ ಎದೆಯ ಮೇಲೆ ಹಾಕಿದ.

ಆಮೇಲೆ ಉಳಿದವರು ಹಾಕಿದರು. ಗುಣಿ ಮುಚ್ಚಿತು. ಕೆಂಚಪ್ಪನ ಹೆಂಡತಿ ಹಾಲಮ್ಮ ಕೈ ತೊಳೆಸಲು ಬಿಂದಿಗೆ ಚೊಂಬು ತಂದಿದ್ದಳು. ಪಾಂಡು ತೊಳೆದುಕೊಂಡ, ಡಿಮೆಲ್ಲೊ ತೊಳೆದುಕೊಂಡ. ಅಜ್ಜಯ್ಯನ ಸರದಿ ಬಂದಾಗ ಅವಳು ಚೊಂಬು ಎತ್ತಿ, ಅನುಮಾನಿಸಿ, ಗಂಡನ ಮುಖ ನೋಡಿದಳು. ಹಳ್ಳದಾಚೆ ಊರಿಗೆ ಊರೇ ನೋಡುತ್ತಿತ್ತು.

ಅಜ್ಜಯ್ಯ ಕೈ ಚಾಚಿದ. ಅವಳು ಹುಯ್ದಳು. ಮಣ್ಣು ಹೋಗುವಂತೆ ಅವನು ಎರಡೂ ಕೈ ತಿಕ್ಕಿ ತೊಳೆದ. ಅವಳು ಚೊಂಬು ಇಳಿಸಿದಳು. ಆದರೆ ಮುದುಕ ಅಲ್ಲಿಂದ ಸರಿಯಲಿಲ್ಲ. ಕುಡಿಯುವ ನೀರಿಗೆ ಕೇರಿಯವರು ಊರ ಬಾಗಿಲುಗಳಲ್ಲಿ ಹೇಗೆ ಬಗ್ಗುತ್ತಾರೋ ಹಾಗೆ ಸೊಂಟ ಬಗ್ಗಿಸಿ, ತೊಳೆದ ಕೈಗಳನ್ನು ಬೊಗಸೆ ಮಾಡಿ, ಬಾಯಿಗೆ ಹಚ್ಚಿ ಹಿಡಿದು, ಕಾದ.